ಬೆಳೆಯುವ ಕಿವಿಗೆ ಒಂದೇ ಅಚ್ಚು

ನಾನು ಮಾಡುತ್ತಿದ್ದ ಕೆಲಸ ಏನೆಂದು ನಮ್ಮ ಅತ್ತೆಗೆ ಕೊನೆಯವರೆಗೂ ತಿಳಿಯಲಿಲ್ಲ. ಕಂಪನಿಯವರು ಶಾಲೆಗಳಿಗೆ, ಊರುಗಳಿಗೆ ನೆರವು ಕೊಡಲು ಒಂದು ಪ್ರತಿಷ್ಠಾನ ಮಾಡಿದ್ದಾರೆ, ಆ ನೆರವು ತಲುಪಿಸಲು ನನಗೆ ಸಂಬಳ ಕೊಡುತ್ತಾರೆ ಎಂದು ಬಿಡಿಸಿ ಹೇಳಿದರೆ, "ದಾನ ಮಾಡೋಕೂ ಆಳು ಇಡ್ತಾರೇನೆ?" ಎಂದು ನಗುತ್ತಿದ್ದರು. ಚಳ್ಳಕೆರೆಯಲ್ಲಿ ಅವರು ಕಂಡ ದಾನವೆಂದರೆ ಬಾಗಿಲಿಗೆ ಬಂದವರಿಗೆ ಮೊರದಲ್ಲಿ ಜೋಳ ತಂದು ಹಾಕುವುದು. ಹೋದ ವಾರ ಬಂದವರೇ ಮತ್ತೆ ಬಂದರೇ ಎಂದು ಅವರು ಯಾರನ್ನೂ ಕೇಳಿದವರಲ್ಲ.

ನಿವೃತ್ತಿಯ ನಂತರವೂ ವಿಶಾಖಪಟ್ಟಣದಲ್ಲೇ ಉಳಿದಿದ್ದೇನೆ. ಇಂಥ ಪ್ರತಿಷ್ಠಾನಗಳಿಗೆ ಸೇರುವ ಹುಡುಗ ಹುಡುಗಿಯರು ಆಗಾಗ ಮನೆಗೆ ಬರುತ್ತಾರೆ. ಸಮಾಜಕಾರ್ಯದ ಪದವಿ ಮುಗಿಸಿ, ಬೆನ್ನಿಗೆ ಲ್ಯಾಪ್‌ಟಾಪ್ ಹಾಕಿಕೊಂಡು, ಊರು ಉದ್ಧಾರ ಮಾಡುವ ಹುಮ್ಮಸ್ಸಿನಲ್ಲಿರುತ್ತಾರೆ. ಅವರ ಮುಖ ನೋಡಿಕೊಂಡು ನಿಜ ಹೇಳಲು ಬಾಯಿ ಬರುವುದಿಲ್ಲ. ಕಾಫಿ ಕೊಟ್ಟು, ಒಳ್ಳೆಯದಾಗಲಿ ಎಂದು ಕಳಿಸಿಬಿಡುತ್ತೇನೆ. ಹೇಳದೆ ಉಳಿಸಿಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಓದಿ ಯಾರಿಗಾದರೂ ಉತ್ಸಾಹ ಇಳಿದರೆ ಇಳಿಯಲಿ, ನನ್ನದು ಇಳಿದು ಬಹಳ ಕಾಲವಾಯಿತು.

ನಮ್ಮ ಮನೆಯವರು ಬ್ಯಾಂಕಿನಲ್ಲಿದ್ದರು. ವರ್ಗವಾಗಿ ವಿಜಯವಾಡಕ್ಕೆ ಬಂದೆವು. ಚಳ್ಳಕೆರೆಯವಳಾದ್ದರಿಂದ ತೆಲುಗು ನನಗೆ ಬೀದಿಯಲ್ಲೇ ಕಲಿತ ಭಾಷೆ. ಮನೆಯಲ್ಲಿ ಕೂತು ಬೇಸತ್ತು ಪ್ರತಿಷ್ಠಾನದ ವಿಜಯವಾಡ ಕಚೇರಿಗೆ ಅರ್ಜಿ ಹಾಕಿದೆ. ಅಲ್ಲಿನ ಮುಖ್ಯಸ್ಥರು ಪ್ರಸಾದ್ ಗಾರು. ಹಳೆಯ ಕಾಲದ ಮನುಷ್ಯ, ಸ್ಕೂಟರಿನಲ್ಲೇ ಜಿಲ್ಲೆಯೆಲ್ಲ ಸುತ್ತುವವರು. ಅವರಿಗೆ ಒಂದು ಪದ್ಧತಿಯಿತ್ತು. ಯಾವ ಶಾಲೆಗೆ ಏನೇ ಕೊಡಲಿ, ಮೊದಲು ಕಂಪನಿಯ ಹೆಸರಿನ ಬೋರ್ಡು ಬರೆಸಬೇಕು. ಬೋರ್ಡಿನ ಬಣ್ಣ ಒಣಗಿದ ಮೇಲೆಯೇ ಸಾಮಾನು ಹೋಗಬೇಕು.

ನಾನು ಸೇರಿದ ಹೊಸದರಲ್ಲಿ ಕೃಷ್ಣಾ ನದಿಯ ಆಚೆಯ ಒಂದು ಶಾಲೆಗೆ ಬೆಂಚು ಕೊಟ್ಟೆವು. ಬೋರ್ಡು ಆಯಿತು, ಫೋಟೋ ಆಯಿತು. ತಿಂಗಳು ಕಳೆದು ನಾನು ಹೋಗಿ ನೋಡಿದರೆ ಮಕ್ಕಳೆಲ್ಲ ಹೊರಗೆ ಬೇವಿನ ಮರದ ಕೆಳಗೆ ನೆಲದ ಮೇಲೆ ಕೂತಿದ್ದಾರೆ, ಬೆಂಚುಗಳು ಒಳಗೆ ನೆರಳಲ್ಲಿ ತಣ್ಣಗಿವೆ. ಇದ್ದದ್ದು ಎರಡೇ ಕೋಣೆ, ಓದುವುದು ಐದು ತರಗತಿ. ಒತ್ತೊತ್ತಾಗಿ ನೆಲದ ಮೇಲೆ ಹಿಡಿಸುತ್ತಿದ್ದ ಮಕ್ಕಳು ಬೆಂಚು ಬಂದ ಮೇಲೆ ಹಿಡಿಸಲಿಲ್ಲ. ವಿಜಯವಾಡದ ಬಿಸಿಲು ಕಂಡವರಿಗೆ ಆ ಮರದ ಕೆಳಗಿನ ಪಾಠ ಎಂಥದೆಂದು ಹೇಳಬೇಕಿಲ್ಲ. ಪ್ರಸಾದ್ ಗಾರು ಬಂದು ನೋಡಿ ತಲೆ ಚಚ್ಚಿಕೊಂಡರು. ಆಮೇಲೆ ಅರ್ಧ ಬೆಂಚುಗಳನ್ನು ಪಕ್ಕದ ಊರಿಗೆ ಸಾಗಿಸಿ, ಅಲ್ಲೂ ಬೋರ್ಡು ಬರೆಸಿದರು.

ಅವರನ್ನು ನಾನು ಬೆನ್ನ ಹಿಂದೆ ಆಡಿಕೊಂಡದ್ದಕ್ಕೆ ಲೆಕ್ಕವಿಲ್ಲ. ಆದರೆ ಅವರಲ್ಲಿದ್ದ ಒಂದು ಗುಣ ಆಮೇಲೆ ಎಲ್ಲೂ ಸಿಗಲಿಲ್ಲ. ಅವರು ಕೊಟ್ಟ ಕಡೆಗೆ ತಿರುಗಿ ಹೋಗುತ್ತಿದ್ದರು. ದಸರಾ ಬಂತೆಂದರೆ ಊರಿಗೆ ಊರೇ ಇಂದ್ರಕೀಲಾದ್ರಿ ಬೆಟ್ಟದ ಮೇಲೆ ಕನಕದುರ್ಗೆಯ ದರ್ಶನದ ಸಾಲಿನಲ್ಲಿ ನಿಂತಿರುವಾಗ, ಈ ಮನುಷ್ಯ ರಜೆಯ ಶಾಲೆಗಳ ಬೀಗ ತೆಗೆಸಿ, ಕೆಟ್ಟ ನಲ್ಲಿ, ಬೆಂಚಿನ ಮುರಿದ ಕಾಲು, ಸುಟ್ಟ ಮೋಟಾರು ರಿಪೇರಿ ಮಾಡಿಸುತ್ತಿದ್ದರು. ಖರ್ಚನ್ನು 'ಇತರೆ' ಎಂಬ ಬಾಬಿಗೆ ಹಾಕುತ್ತಿದ್ದರು. ಆ ಬಾಬು ಇರುವಷ್ಟು ದಿನ ನಮ್ಮ ಕೆಲಸಕ್ಕೆ ಒಂದಿಷ್ಟು ಮಾನ ಇತ್ತು ಎಂದು ಈಗ ಅನಿಸುತ್ತದೆ.

ಮನೆಯವರಿಗೆ ವಿಶಾಖಪಟ್ಟಣಕ್ಕೆ ವರ್ಗವಾದಾಗ ನಾನೂ ಬಂದರಿನ ಹತ್ತಿರದ ನಮ್ಮ ಕಚೇರಿಗೆ ಬಂದೆ. ಅಷ್ಟರಲ್ಲಿ ಕಾಲ ಬದಲಾಗಿತ್ತು. ಪ್ರಸಾದ್ ಗಾರು ನಿವೃತ್ತರಾಗಿದ್ದರು. ಇಲ್ಲಿನ ಮುಖ್ಯಸ್ಥ ವರ್ಮಾ ನನಗಿಂತ ಬಹಳ ಚಿಕ್ಕವರು, ದೊಡ್ಡ ಕಾಲೇಜಿನಲ್ಲಿ ಮ್ಯಾನೇಜ್‌ಮೆಂಟ್ ಓದಿದವರು. ಒಂದು ದಿನವೂ ದನಿ ಏರಿಸಿದವರಲ್ಲ. ಅವರು ಬಂದ ಮೇಲೆ ಎಲ್ಲ ಕೆಲಸವೂ ಕಂಪ್ಯೂಟರಿಗೆ ಹೋಯಿತು. ನೆರವು ಪಡೆದವರ ಆಧಾರ್ ಸಂಖ್ಯೆ ಹಾಕಬೇಕು, ನಿಂತ ಜಾಗ ತಾನಾಗಿ ನಮೂದಾಗುವಂತೆ ಫೋಟೋ ಹಿಡಿಯಬೇಕು. ಒಮ್ಮೆ ಬಂದ ಸಂಖ್ಯೆಯನ್ನು ಮತ್ತೆ ಹಾಕಿದರೆ ಪರದೆ ಕೆಂಪಾಗುತ್ತಿತ್ತು. ಕೆಲವು ಕಡೆ ಅದೇ ಜನರನ್ನು ಹೆಸರು ಬದಲಿಸಿ ಮತ್ತೆ ಮತ್ತೆ ತೋರಿಸಿದ್ದರಂತೆ, ಅದಕ್ಕೆ ಈ ಕಟ್ಟುನಿಟ್ಟು. ನಿಯಮ ಮಾಡಿದವರ ಉದ್ದೇಶ ಕೆಟ್ಟದ್ದಾಗಿರಲಿಲ್ಲ, ಅದನ್ನೂ ಹೇಳಬೇಕು. 'ಇತರೆ' ಎಂಬ ಬಾಬು ಮಾತ್ರ ಎಲ್ಲಿ ಹುಡುಕಿದರೂ ಕಾಣಲಿಲ್ಲ.

ಆಗ ಶುರುವಾದದ್ದು ಕಿವುಡು ಮಕ್ಕಳಿಗೆ ಶ್ರವಣ ಸಾಧನ ಕೊಡುವ ಯೋಜನೆ. ನಾನು ಹೆಚ್ಚು ಪ್ರೀತಿಯಿಂದ ಮಾಡಿದ ಕೆಲಸ ಅದು. ಈಗ ನೆನೆದರೆ ಹೊಟ್ಟೆ ಉರಿಯುವುದೂ ಅದಕ್ಕೇ.

ಭೀಮುನಿಪಟ್ಟಣದ ಸುತ್ತಲಿನ ಮೀನುಗಾರರ ಕೇರಿಗಳಿಂದ ಮಕ್ಕಳನ್ನು ಹುಡುಕಿ ತಂದೆವು. ತಪಾಸಣೆ ಮಾಡಿ, ಅಳತೆ ನೋಡಿ, ಯಂತ್ರ ಹೊಂದಿಸುವ ಕೆಲಸ ಶಿವಾನಂದನದು. ಗದಗಿನ ಕಡೆಯ ಹುಡುಗ, ಇಲ್ಲಿನ ಆಸ್ಪತ್ರೆಯೊಂದಕ್ಕೆ ಕಿವಿ ಮತ್ತು ಮಾತಿನ ತಜ್ಞನಾಗಿ ಬಂದಿದ್ದ. ನನ್ನ ಕನ್ನಡ ಕೇಳಿದ್ದೇ ತಡ, ಅಂದಿನಿಂದ ನಾನು ಅವನಿಗೆ ಅಕ್ಕ. ಊಟಕ್ಕೆ ಬಂದಾಗೆಲ್ಲ ನಮ್ಮ ಮಗಳು ಅವನ ಮಾತಿಗೆ ತೆಲುಗಿನಲ್ಲಿ ಉತ್ತರ ಕೊಡುತ್ತಿದ್ದಳು, ಅವನು ಅವಳಿಗೆ ಜವಾರಿ ಕನ್ನಡ ಕಲಿಸುತ್ತೇನೆಂದು ಹಟ ಹಿಡಿಯುತ್ತಿದ್ದ.

ವಿತರಣೆಯ ದಿನ ಆದದ್ದನ್ನು ಕೇಳಿ. ಶಾಲೆಯ ಅಂಗಳದಲ್ಲಿ ಶಾಮಿಯಾನ, ವೇದಿಕೆ, ಆಳೆತ್ತರದ ಸ್ಪೀಕರುಗಳು. ಯಂತ್ರಗಳನ್ನು ಮೊದಲೇ ಮಕ್ಕಳ ಕಿವಿಗೆ ಹಾಕಿ ಆರಿಸಿ ಇಡಬೇಕು, ಅತಿಥಿಗಳು ದೀಪ ಹಚ್ಚಿದ ಕೂಡಲೇ ಎಲ್ಲವನ್ನೂ ಒಟ್ಟಿಗೆ ಚಾಲೂ ಮಾಡಬೇಕು, ಆ ಗಳಿಗೆಗೆ ಡಪ್ಪು, ಅಂದರೆ ನಮ್ಮ ತಮಟೆ, ಬಾರಿಸಬೇಕು ಎಂದು ಕಾರ್ಯಕ್ರಮ ರೂಪಿಸಿದ್ದರು. ಒಂದೊಂದೇ ಮಗುವನ್ನು ಶಾಂತವಾದ ಕೋಣೆಯಲ್ಲಿ ಕೂರಿಸಿ, ಮೆಲ್ಲಗೆ ಸದ್ದು ಏರಿಸಬೇಕು ಎಂದು ಶಿವಾನಂದ ಬೇಡಿಕೊಂಡ. ಅತಿಥಿಗಳಿಗೆ ಅಷ್ಟು ಸಮಯ ಇರಲಿಲ್ಲ. ಸ್ವಿಚ್ ಹಾಕಿದರು. ಡಪ್ಪು, ಮೈಕು, ಚಪ್ಪಾಳೆ. ಹುಟ್ಟಿದಾಗಿನಿಂದ ಸದ್ದು ಎಂದರೇನೆಂದು ತಿಳಿಯದ ಮಕ್ಕಳು ಕಿಟಾರನೆ ಕಿರುಚಿ, ಯಂತ್ರ ಕಿತ್ತೆಸೆದು, ತಾಯಂದಿರ ಸೆರಗಿನಲ್ಲಿ ಮುಖ ಹುದುಗಿಸಿದವು. ಒಂದು ಮಗು ಅಲ್ಲೇ ಉಚ್ಚೆ ಮಾಡಿಕೊಂಡಿತು.

ಮರುದಿನ ಪತ್ರಿಕೆಯಲ್ಲಿ ಅಳುವ ಮಗುವಿನ ಫೋಟೋ ಬಂತು. ಜೀವನದ ಮೊದಲ ಸದ್ದು ಕೇಳಿ ಆನಂದಬಾಷ್ಪ ಎಂದು ಕೆಳಗೆ ಬರೆದಿದ್ದರು. ಆ ಒಕ್ಕಣೆ ಹೋದದ್ದು ನಮ್ಮ ಕಚೇರಿಯಿಂದಲೇ.

ಫೋಟೋದಲ್ಲಿದ್ದವಳು ನೂಕರತ್ನಂ. ಎಲ್ಲರೂ ರತ್ನಂ ಎನ್ನುತ್ತಿದ್ದರು. ಅಪ್ಪ ದೋಣಿಯಲ್ಲಿ ಕಡಲಿಗೆ ಹೋಗುವವನು, ತಾಯಿ ಪೋಲಮ್ಮ ಒಣಮೀನು ಮಾರುವವಳು. ಮಗುವನ್ನು ಶಾಲೆಗೆ ಸೇರಿಸುವ ವಯಸ್ಸಾಗಿತ್ತು. ಕೇರಿಯ ಶಾಲೆಯ ಹೆಡ್‌ಮೇಡಂ, ಹೆಸರು ಕರೆದರೆ ತಿರುಗುವಷ್ಟು ಕೇಳಿಸಲಿ, ಸೇರಿಸಿಕೊಳ್ಳುತ್ತೇನೆ ಎಂದಿದ್ದರು. ಇಲ್ಲದಿದ್ದರೆ ದೂರದ ಕಿವುಡು ಮಕ್ಕಳ ವಸತಿಶಾಲೆಗೆ ಕಳಿಸಬೇಕು. ಅದಕ್ಕೆ ಅಪ್ಪ ಸುತರಾಂ ಒಪ್ಪಲಿಲ್ಲ. ಅಂದರೆ, ಕಿವಿ ಕೇಳಿದರೆ ಓದು, ಇಲ್ಲವಾದರೆ ಮನೆ. ಪೋಲಮ್ಮನಿಗೆ ಇದು ಚೆನ್ನಾಗಿ ಗೊತ್ತಿತ್ತು.

ಡಪ್ಪಿನ ಆ ಭಯ ಬಿಡಿಸಲು ಶಿವಾನಂದನಿಗೆ ವಾರಗಳೇ ಹಿಡಿದವು. ಶಾಲೆಯ ಹಿಂದಿನ ಉಗ್ರಾಣ ಖಾಲಿ ಮಾಡಿಸಿ, ಪ್ರತಿ ಶನಿವಾರ ಮಕ್ಕಳೊಂದಿಗೆ ಚಾಪೆಯ ಮೇಲೆ ಕೂರುತ್ತಿದ್ದ. ಗೋಲಿ ಡಬ್ಬಿ ಅಲ್ಲಾಡಿಸುವುದು, ಚಮಚ ಬಡಿಯುವುದು, ಕೊನೆಗೆ ಮಾತು. ಕಡಲ ಗಾಳಿಯ ಉಪ್ಪು ಯಂತ್ರಕ್ಕೆ ಆಗದು, ಅದಕ್ಕೆ ತೇವ ಹೀರುವ ಪೊಟ್ಟಣ ಹಾಕಿದ ಡಬ್ಬಿಯಲ್ಲಿ ಇಡುವುದನ್ನು ತಾಯಂದಿರಿಗೆ ಕಲಿಸಿದ. ಮಳೆಗಾಲ ಮುಗಿಯುವ ಹೊತ್ತಿಗೆ ರತ್ನಂ ಹೆಸರಿಗೆ ತಿರುಗಿದಳು. ಶಾಲೆಗೆ ಸೇರಿದಳು. ಅವಳು ಆಡಿದ ಮೊದಲ ಮಾತು 'ಅಮ್ಮ'. ಸ್ವಲ್ಪ ಮೂಗಿನಲ್ಲಿ ಬರುತ್ತಿತ್ತು, ಆದರೆ ಅದೇ ಮಾತು. ಪೋಲಮ್ಮ ಮೀನಿನ ಬುಟ್ಟಿ ಇಳಿಸದೆ ನಿಂತುಬಿಟ್ಟಳು. ಆಮೇಲೆ ಇಡೀ ದಿನ ಬೇಕೆಂದೇ ಮಗುವಿಗೆ ಬೆನ್ನು ಹಾಕಿ ಕೂರುತ್ತಿದ್ದಳಂತೆ, ಕರೆಯಲಿ ಎಂದು. ರತ್ನಂ ಕರೆದಾಗೆಲ್ಲ "ಏನಮ್ಮಾ" ಎಂದು ಓಗೊಡುವುದು, ಅದು ಕೇಳಿ ಅವಳು ನಗುವುದು, ಮತ್ತೆ ಕರೆಯುವುದು. ತಾಯಿ ಮಗಳಿಗೆ ಅದೇ ಆಟವಾಯಿತು.

ನನ್ನ ಕೆಲಸದಲ್ಲಿ ನಾನು ಪೂರ್ತಿ ಸುಖವಾಗಿದ್ದದ್ದು ಆ ಕೆಲವು ತಿಂಗಳು. ಇದನ್ನು ಬರೆಯದಿದ್ದರೆ ಸುಳ್ಳಾಗುತ್ತದೆ.

ಬೇಸಿಗೆಯ ಹೊತ್ತಿಗೆ ರತ್ನಂಳ ಯಂತ್ರ ಸಿಳ್ಳೆ ಹೊಡೆಯಲು ಶುರುವಾಯಿತು. ಯಂತ್ರ ಕಿವಿಯ ಹಿಂದೆ ಕೂರುತ್ತದೆ, ಅದರ ಸದ್ದು ಕಿವಿಯೊಳಗೆ ಹೋಗುವುದು ಒಂದು ಮೆತ್ತನೆಯ ಅಚ್ಚಿನ ಮೂಲಕ. ಅಚ್ಚು ಆ ಮಗುವಿನ ಕಿವಿಯ ಅಳತೆಗೇ ಮಾಡಿದ್ದು. ಸಡಿಲವಾದರೆ ಸದ್ದು ಹೊರಗೆ ಸೋರಿ ಯಂತ್ರ ಕೀರಲಿಡುತ್ತದೆ. ತರಗತಿಯಲ್ಲಿ ಮಕ್ಕಳು ಅವಳನ್ನು ಸಿಳ್ಳೆ ಎಂದೇ ಕರೆಯತೊಡಗಿದರು. ಪಾಠಕ್ಕೆ ತೊಂದರೆಯೆಂದು ಟೀಚರು ಯಂತ್ರ ಆರಿಸಿ ಕೂರು ಎಂದರು. ಉಳಿದ ಮಕ್ಕಳದೂ ಒಂದೊಂದಾಗಿ ಇದೇ ಪಾಡು.

ಶಿವಾನಂದ ನಮ್ಮ ಮನೆಗೆ ಬಂದು ಹೇಳಿದ: "ಅಕ್ಕಾರ, ಕೂಸು ಬೆಳೀತೈತ್ರಿ, ಅದರ ಕಿವೀನೂ ಬೆಳೀತೈತಿ. ಅಚ್ಚು ಬೆಳ್ಯಂಗಿಲ್ಲ. ಸಣ್ಣ ಹುಡುಗ್ರಿಗೆ ಆರೇಳು ತಿಂಗ್ಳಿಗೊಮ್ಮೆ ಹೊಸಾದು ಮಾಡಬೇಕ್ರಿ. ಇಷ್ಟನ್ನ ನಿಮ್ಮ ಆಫೀಸಿನ್ಯಾಗ ಯಾರಿಗರ ತಿಳಿಸಿ ಹೇಳ್ರಿ."

ಹೇಳಿದೆ. ವರ್ಮಾ ಪೂರ್ತಿ ಕೇಳಿಸಿಕೊಂಡರು. ಕಂಪ್ಯೂಟರಿನಲ್ಲಿ ರತ್ನಂಳ ಸಂಖ್ಯೆ ಹಾಕಿ ತೋರಿಸಿದರು, ಪರದೆ ಕೆಂಪಾಯಿತು. ಆ ಮಗು ನೆರವು ಪಡೆದಾಗಿದೆ. ಬೆಳೆದ ಮಗು ಅಂದರೆ ಅದೇ ಮಗು, ಎರಡನೇ ಸಲ ಬಂದ ಹಾಗೆ. ಹೊಸ ಮಗುವಿಗೆ ಹೊಸ ಯಂತ್ರ ಕೊಟ್ಟರೆ ವರದಿಯಲ್ಲಿ ಇನ್ನೊಂದು ಬದುಕಿಗೆ ನೆರವಾದ ಲೆಕ್ಕ, ಹಳೆಯ ಮಗುವಿಗೆ ಅಚ್ಚು ಮಾಡಿಸಿದರೆ ಯಾವ ಲೆಕ್ಕವೂ ಇಲ್ಲ. "ಮೇಡಂ, ಇನ್ನೂ ಒಂದು ಸಲವೂ ಸಿಗದ ಮಕ್ಕಳು ಕಾಯ್ತಿದ್ದಾರೆ. ಅವರಿಗೆ ಇಲ್ಲ ಅಂದು ಇವಳಿಗೆ ಎರಡನೇ ಸಲ ಕೊಡಲಾ?" ಎಂದು ಕೇಳಿದರು. ಅದಕ್ಕೆ ಉತ್ತರ ನನಗೆ ಈಗ ಹೊಳೆದಿದೆ. ಆ ಹೊಸ ಮಕ್ಕಳೂ ಬೆಳೆಯುತ್ತಾರೆ, ಅವರ ಅಚ್ಚೂ ಸಡಿಲವಾಗುತ್ತದೆ. ನಾವು ಸಾವಿರ ಮಕ್ಕಳಿಗೆ ಕೊಟ್ಟರೂ ಕೇಳಿಸುವುದು ಕಳೆದ ಆರು ತಿಂಗಳಲ್ಲಿ ಪಡೆದವರಿಗೆ ಮಾತ್ರ. ಇದನ್ನು ಆಗ ಹೇಳಿದ್ದರೂ ಏನೂ ಆಗುತ್ತಿರಲಿಲ್ಲ ಅನ್ನಿ.

ನಾವು ಕೈಕಟ್ಟಿ ಕೂರಲಿಲ್ಲ. ಶಿವಾನಂದ ಪುಕ್ಕಟೆಯಾಗಿ ಅಳತೆ ತೆಗೆದ, ಅಚ್ಚಿನ ಖರ್ಚು ನಾನು ಹಾಕಿದೆ. ಒಂದು ಸುತ್ತು ಹಾಗೇ ನಡೆಯಿತು. ಅಷ್ಟರಲ್ಲಿ ಅವನ ಒಪ್ಪಂದ ಮುಗಿದು ಹುಬ್ಬಳ್ಳಿಯಲ್ಲಿ ಕೆಲಸ ಸಿಕ್ಕಿತು. ಹೋಗುವಾಗ ಕಣ್ಣೀರು ಹಾಕಿಕೊಂಡು ಹೋದ. ಹೋಗಬೇಡ ಎನ್ನಲು ನಾನು ಯಾರು? ಅವನ ಜಾಗಕ್ಕೆ ಬೇರೆಯವರನ್ನು ಕೇಳಿದರೆ, ಯೋಜನೆ ಯಶಸ್ವಿಯಾಗಿ ಮುಕ್ತಾಯವಾಗಿದೆ ಎಂಬ ಉತ್ತರ ಬಂತು. ಉಗ್ರಾಣಕ್ಕೆ ಮತ್ತೆ ಮಧ್ಯಾಹ್ನದ ಊಟದ ಅಕ್ಕಿ ಮೂಟೆಗಳು ಬಂದವು. ಪೋಲಮ್ಮ ಮಗುವನ್ನು ಎತ್ತಿಕೊಂಡು ನಗರದ ದೊಡ್ಡಾಸ್ಪತ್ರೆಗೆ ಅಲೆದಳು. ಹೋದ ದಿನವೆಲ್ಲ ವ್ಯಾಪಾರ ಹಾಳು, ಮನೆಯಲ್ಲಿ ಜಗಳ. ಕೊನೆಗೆ ಉಪ್ಪುಗಾಳಿ ತಿಂದು ಯಂತ್ರವೇ ಸತ್ತಿತು. ರತ್ನಂ ಶಾಲೆಗೆ ಹೋಗುವುದು ನಿಂತಿತು. ಆದರೆ ಅಮ್ಮ ಎನ್ನುವುದನ್ನು ಬಿಟ್ಟಿರಲಿಲ್ಲ. ಉತ್ತರ ಬೇಕಾದಾಗ ಎದುರಿಗೆ ಬಂದು ತಾಯಿಯ ಬಾಯಿ ನೋಡುತ್ತಿದ್ದಳು.

ಆಮೇಲಿನ ವರ್ಷ ನಮ್ಮ ಯೋಜನೆಗೆ ಪ್ರಶಸ್ತಿ ಬಂತು. ವಿಜಯವಾಡದಲ್ಲಿ ಸಮಾರಂಭ. ಪೋಸ್ಟರಿಗೆ ಆ ಹಳೆಯ ಆನಂದಬಾಷ್ಪದ ಫೋಟೋ. ಅದೇ ಮಗು ವೇದಿಕೆಗೆ ಬಂದು ಒಂದು ಮಾತಾಡಬೇಕೆಂದು ಮುಂಬೈಯ ಮುಖ್ಯ ಕಚೇರಿಯವರ ಆಸೆ. ಕರೆತರುವ ಕೆಲಸ ನನ್ನದು. ಯಂತ್ರವೇ ಇಲ್ಲದೆ ಅವಳು ಮಾತಾಡುವುದು ಹೇಗೆ ಎಂದು ಕೇಳಿದೆ. ವರ್ಮಾ ಒಂದು ನಿಮಿಷವೂ ಯೋಚಿಸಲಿಲ್ಲ, ಪ್ರಚಾರದ ಬಾಬಿನಲ್ಲಿ ಹೊಸ ಅಚ್ಚು, ಹೊಸ ಯಂತ್ರ ಎಲ್ಲ ಆಗುತ್ತದೆ ಎಂದರು. ವರ್ಷದಿಂದ ಆಗದ್ದು ಒಂದು ಫೋನಿನಲ್ಲಿ ಆಯಿತು. ಸಮಾರಂಭ ಮುಗಿದ ಮೇಲೆ ಅದು ಅವಳಿಗೇ ತಾನೇ ಎಂದು ಖಚಿತ ಮಾಡಿಕೊಳ್ಳಲು ಹೋದೆ. "ಚೂದ್ದಾಂ ಮೇಡಂ" ಎಂದರು, ನೋಡೋಣ ಎಂದು. ಆಗುತ್ತದೆ ಎಂದೇ ನಾನು ತಿಳಿದುಕೊಂಡೆ. ಪೋಲಮ್ಮನಿಗೂ ಹಾಗೇ ಹೇಳಿದೆ.

ಯಂತ್ರದ ಕಂಪನಿಯವರು ಬಂದು ಅಳತೆ ತೆಗೆದುಕೊಂಡು ಹೋದರು. ವಿಜಯವಾಡದಲ್ಲಿ ಸಮಾರಂಭದ ಬೆಳಿಗ್ಗೆ, ಸಭಾಂಗಣದ ಹಿಂದಿನ ಕೋಣೆಯಲ್ಲಿ ರತ್ನಂಳ ಕಿವಿಗೆ ಹೊಸ ಅಚ್ಚು ಕೂತಿತು. ಈ ಸಲ ಡಪ್ಪು ಇರಲಿಲ್ಲ. ಪೋಲಮ್ಮ ಅಭ್ಯಾಸದಂತೆ ಬೆನ್ನು ಹಾಕಿ ಕೂತಳು. ಆಮೇಲೆ ಹುಡುಗಿ ಕರೆದಳು, ತಾಯಿ ಓಗೊಟ್ಟಳು, ರತ್ನಂ ನಕ್ಕಳು. ವೇದಿಕೆಯ ಮೇಲೆ ಕೈಮುಗಿದು ನಮಸ್ಕಾರಂ ಅಂದಳು. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು.

ನಾವು ಕೆಳಗಿಳಿದು ಬರುವಷ್ಟರಲ್ಲಿ ಯಂತ್ರದ ಕಂಪನಿಯ ಹುಡುಗ ಚಿಕ್ಕ ಪೆಟ್ಟಿಗೆ ಹಿಡಿದು ನಿಂತಿದ್ದ. ಅದು ತೋರಿಸಲು ತಂದ ಮಾದರಿ, ಸಂಜೆ ಗುಂಟೂರಿನಲ್ಲಿ ಬೇಕು ಎಂದ. ವರ್ಮಾಗೆ ಫೋನು ಮಾಡಿದೆ. ಯಂತ್ರವನ್ನು ಅವಳಿಗೇ ಕೊಟ್ಟರೆ ಎರಡನೇ ಸಲ ಕೊಟ್ಟಂತಾಗುತ್ತದೆ, ಲೆಕ್ಕ ತಪಾಸಣೆಯಲ್ಲಿ ಸಿಕ್ಕಿಬೀಳುತ್ತೇವೆ, ಅಚ್ಚು ಬೇಕಾದರೆ ಇಟ್ಟುಕೊಳ್ಳಲಿ ಎಂದರು. ನಾನು ಕೂಗಾಡಿದೆ. ಕಚೇರಿಯ ಇಷ್ಟು ವರ್ಷದಲ್ಲಿ ಹಾಗೆ ಕೂಗಾಡಿದವಳಲ್ಲ. ಅಷ್ಟರಲ್ಲಿ ಆ ಹುಡುಗ ಅಚ್ಚಿನಿಂದ ಯಂತ್ರ ಬಿಡಿಸಿಕೊಂಡು, ಒರೆಸಿ, ಪೆಟ್ಟಿಗೆಯೊಳಗೆ ಇಟ್ಟಾಗಿತ್ತು.

ಪೋಲಮ್ಮ ನನ್ನನ್ನು ಒಂದೇ ಮಾತು ಕೇಳಿದಳು: "ಮೇಡಂ ಗಾರೂ, ತೆಗೆಯೋದಾದರೆ ಹಾಕಿದ್ದು ಯಾಕೆ?"

ಮಧ್ಯಾಹ್ನದ ರೈಲಿನಲ್ಲಿ ವಿಶಾಖಪಟ್ಟಣಕ್ಕೆ ಹೊರಟೆವು. ಏಲೂರು ದಾಟುವವರೆಗೆ ರತ್ನಂ ಖಾಲಿ ಅಚ್ಚನ್ನು ಕಿವಿಗೆ ಒತ್ತಿಕೊಂಡು ಕೂತಿದ್ದಳು. ಆಮೇಲೆ ಕರೆಯಲು ಶುರು ಮಾಡಿದಳು. ತಾಯಿ ಏನಮ್ಮಾ ಎನ್ನುತ್ತಿದ್ದಳು. ಹುಡುಗಿಗೆ ಕೇಳುತ್ತಿರಲಿಲ್ಲ, ಇನ್ನೂ ಜೋರಾಗಿ ಕರೆಯುತ್ತಿದ್ದಳು. ತಾಯಿ ಎದುರಿಗೆ ಮುಖವಿಟ್ಟು ಹೇಳಿದರೂ ಅವಳಿಗೆ ಬಾಯಿ ನೋಡುವುದು ಬೇಕಿರಲಿಲ್ಲ, ಬೆಳಿಗ್ಗೆ ಕೇಳಿದ್ದು ಬೇಕಿತ್ತು. ತನ್ನ ದನಿ ತನಗೇ ಕೇಳದ ಮಗು ಎಷ್ಟು ಜೋರಾಗಿ ಕೂಗಬಹುದೆಂದು ನನಗೆ ಅಂದು ಗೊತ್ತಾಯಿತು. ಬೋಗಿಯವರೆಲ್ಲ ಎದ್ದು ನೋಡಿದರು. ಎದುರು ಸೀಟಿನವರು ಮಗುವನ್ನು ಸುಮ್ಮನಿರಿಸಿ ಎಂದರು. ಗೋದಾವರಿ ಸೇತುವೆಯ ಮೇಲೆ ರೈಲಿನ ಸದ್ದಿಗೂ ಮೀರಿ ಅಮ್ಮಾ ಅಮ್ಮಾ ಎಂದು ಕೇಳುತ್ತಿತ್ತು. ಕೊನೆಗೆ ಪೋಲಮ್ಮ ಮಗಳ ಬಾಯಿಯನ್ನು ಅಂಗೈಯಿಂದ ಮುಚ್ಚಿದಳು. ಸಾಮರ್ಲಕೋಟದ ಹೊತ್ತಿಗೆ ರತ್ನಂ ಕರೆಯುವುದನ್ನು ನಿಲ್ಲಿಸಿದಳು.

ನೀವೇ ಒಂದು ಕೊಂಡುಕೊಡಬಹುದಿತ್ತಲ್ಲ ಎಂದು ಕೇಳುತ್ತೀರಿ. ಕೊಂಡೆ. ಸಾಲದೆ ಬಂದದ್ದಕ್ಕೆ ಶಿವಾನಂದನೂ ಹುಬ್ಬಳ್ಳಿಯಿಂದ ಹಣ ಕಳಿಸಿದ. ಯಂತ್ರ ಬರುವಷ್ಟರಲ್ಲಿ ಎರಡು ತಿಂಗಳು ಕಳೆದಿತ್ತು. ತೆಗೆದುಕೊಂಡು ಭೀಮುನಿಪಟ್ಟಣಕ್ಕೆ ಹೋದರೆ, ನನ್ನ ಕೈಯಲ್ಲಿದ್ದ ಪೆಟ್ಟಿಗೆ ಕಂಡದ್ದೇ ರತ್ನಂ ಎರಡೂ ಕಿವಿ ಮುಚ್ಚಿಕೊಂಡು ದೋಣಿಗಳ ಕಡೆ ಓಡಿದಳು. ಆಮೇಲೆ ಎಷ್ಟೋ ಸಲ ಪ್ರಯತ್ನಿಸಿದೆವು. ಮುದ್ದು ಮಾಡಿದೆವು, ಗದರಿದೆವು. ಕಿವಿಯ ಹತ್ತಿರ ಯಾರ ಕೈಯನ್ನೂ ಅವಳು ಬರಗೊಡಲಿಲ್ಲ.

ಹೋದ ತಿಂಗಳು ಮತ್ತೆ ಹೋಗಿದ್ದೆ. ರತ್ನಂ ಮರಳ ಮೇಲೆ ಮೀನು ಹರವುತ್ತಿದ್ದಳು, ಎತ್ತರವಾಗಿದ್ದಾಳೆ. ಇದೆಲ್ಲ ಆದ ಮೇಲೆ ಹುಟ್ಟಿದ ಅವಳ ತಮ್ಮ ಈಗ ಮಾತು ಕಲಿತಿದ್ದಾನೆ, ಬಾಯಿ ಮುಚ್ಚುವುದಿಲ್ಲ. ರತ್ನಂ ಏನಾದರೂ ಮಾತಾಡುತ್ತಾಳೆಯೇ ಎಂದು ಪೋಲಮ್ಮನನ್ನು ಕೇಳಿದೆ. ರೈಲಿನಲ್ಲಿ ನಿಲ್ಲಿಸಿದವಳು ಇವತ್ತಿನವರೆಗೂ ಒಂದು ಸಲವೂ ಕರೆದಿಲ್ಲ ಎಂದಳು. ಮೀನು ತಿರುವಿಹಾಕುತ್ತ, ನನ್ನ ಮುಖ ನೋಡದೆಯೇ ಮುಂದುವರಿಸಿದಳು: "ಮನೇಲಿ ಚಿಕ್ಕವನು ಅಮ್ಮಾ ಅಂತಾನಲ್ಲ ಮೇಡಂ ಗಾರೂ, ಅವನೇ ಕರೀತಿರೋದು ಅಂತ ಗೊತ್ತಿದ್ರೂ ನಾನು ಮೊದಲು ತಿರುಗಿ ನೋಡೋದು ಇವಳನ್ನೇ."